“ಪ್ರಪಿತಾಮಹಿ ಹೆಸರು?”

ಈ ವಾರ ಅಮ್ಮನ ತಿಥಿ ಇತ್ತು. ವರ್ಷಾನುಗಟ್ಟಲೆ ನಮ್ಮ ಮನೆಗೆ ಬರುತ್ತಿದ್ದ ಶಾಸ್ತ್ರಿಗಳು ಈಗ ಮಗನ ಜೊತೆ ಪುಣೆಯಲ್ಲಿದ್ದಾರೆ. ಅವರ ಬದಲು ಬಂದವರು ಚಿಕ್ಕ ಹುಡುಗ. ಬೈಕಿನಲ್ಲಿ ಬಂದರು, ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಅಷ್ಟಕ್ಕೇ ಚಿಕ್ಕಪ್ಪನಿಗೆ ಅನುಮಾನ.

ಚಿಕ್ಕಪ್ಪ ಹಿಂದಿನ ದಿನವೇ ಮೈಸೂರಿನಿಂದ ಬಂದಿದ್ದರು. ಬೆಳಗ್ಗೆ ಕೆಲಸದವಳು ಅಭ್ಯಾಸಬಲದಿಂದ ಗೇಟಿನ ಮುಂದೆ ಎರಡೆಳೆ ರಂಗೋಲಿ ಎಳೆದಿದ್ದಳು. ತಿಥಿ ದಿನ ರಂಗೋಲಿಯಾ ಅಂತ ಅವರೇ ಒಂದು ಚೊಂಬು ನೀರು ತಂದು ಸುರಿದರು. ಆಮೇಲೆ ಅಡುಗೆಯವರ ಸರದಿ. ಕೋಸಂಬರಿಯಲ್ಲಿ ಹಸಿಮೆಣಸಿನಕಾಯಿ ಕಂಡಿತು. “ತಿಥಿ ಅಡುಗೆಗೆ ಕಾಳುಮೆಣಸು ಹಾಕಬೇಕು ಅಂತ ಯಾರೂ ಹೇಳಿಕೊಡಲಿಲ್ವಾ?” ಇಡೀ ಪಾತ್ರೆ ಬದಲಾಯಿತು. ನಾನು ಮದುವೆಯಾಗಿ ಬೇರೆ ಗೋತ್ರಕ್ಕೆ ಹೋದವಳು. ಚಿಕ್ಕಪ್ಪನ ಪ್ರಕಾರ ಮಡಿ ಅಡುಗೆಗೆ ಕೈ ಹಾಕುವ ಹಾಗಿಲ್ಲ, ಬಾಳೆಲೆ ಒರೆಸಬಹುದು. ಒರೆಸುತ್ತಾ ಕೂತಿದ್ದೆ.

ಅಣ್ಣ ಬೆರಳಿಗೆ ದರ್ಭೆಯ ಪವಿತ್ರ ಹಾಕಿಕೊಂಡು, ಜನಿವಾರ ಬಲಕ್ಕೆ ಮಾಡಿಕೊಂಡು ಕೂತ. ತಾಯಿಯ ಶ್ರಾದ್ಧಕ್ಕೆ ಮೂರು ತಲೆಮಾರಿನ ಹೆಂಗಸರ ಹೆಸರು ಬೇಕು. ಅಮ್ಮ ವಸುರೂಪ, ಅಪ್ಪನ ಅಮ್ಮ ರುದ್ರರೂಪ, ಅಪ್ಪನ ಅಜ್ಜಿ ಆದಿತ್ಯರೂಪ. ಅಮ್ಮನಿಗೂ ಅವರ ಅತ್ತೆಗೂ ಇದ್ದಾಗ ಒಂದು ದಿನ ಸರಿಹೋಗಿರಲಿಲ್ಲ. ಈಗ ವರ್ಷವರ್ಷವೂ ಒಟ್ಟಿಗೆ ಕೂರಿಸಿ ಪಿಂಡ ಕೊಡುತ್ತೇವೆ, ಇರಲಿ. ಗೋತ್ರ ಕೇಳಿದರು, ಅಣ್ಣ ಹೇಳಿದ. ಅಮ್ಮನ ಹೆಸರು, ಅಜ್ಜಿ ಹೆಸರು ಹೇಳಿದ.

“ಪ್ರಪಿತಾಮಹಿ ಹೆಸರು?”

ಅಣ್ಣ ಚಿಕ್ಕಪ್ಪನ ಮುಖ ನೋಡಿದ. ಚಿಕ್ಕಪ್ಪ ನನ್ನ ಮುಖ ನೋಡಿದರು.

“ಹೋದ ವರ್ಷ ಹೇಳಿದ್ಯಲ್ಲೋ?”

“ಶಾಸ್ತ್ರಿಗಳು ಹೇಳಿಕೊಟ್ಟಿದ್ದನ್ನ ಹೇಳ್ದೆ ಚಿಕ್ಕಪ್ಪ. ಹೆಸರು ಅಂತ ಎಲ್ಲಿ ಗೊತ್ತಾಗತ್ತೆ ಅದರಲ್ಲಿ?”

ಅಣ್ಣನ ಈ ಉತ್ತರ ನನ್ನ ತಲೆಯಿಂದ ಹೋಗುತ್ತಿಲ್ಲ. ಅವನು ಸುಳ್ಳು ಹೇಳಲಿಲ್ಲ. ಹೋದ ವರ್ಷ ಆ ಹೆಸರು ಅವನ ಬಾಯಲ್ಲೇ ಬಂದಿದೆ. ಅದೂ ಒಂದು ಸಲವಲ್ಲ, ಅರ್ಘ್ಯಕ್ಕೊಮ್ಮೆ, ಪಿಂಡಕ್ಕೊಮ್ಮೆ, ಎಳ್ಳುನೀರು ಬಿಡುವಾಗ ಮತ್ತೆ. ಬಾಯಿಗೆ ಬಂದದ್ದು ಕಿವಿಗೆ ಬಿದ್ದಿಲ್ಲ, ಅಷ್ಟೇ. ನಮ್ಮ ಮನೆಯ ಮುತ್ತಜ್ಜಿ ನೆನಪಿದ್ದದ್ದು ಶಾಸ್ತ್ರಿಗಳೊಬ್ಬರಿಗೇ. ಹರಿದ್ವಾರದಲ್ಲಿ ಪಂಡಾಗಳು ಯಾತ್ರಿಕರ ವಂಶಾವಳಿಯನ್ನು ವಹಿಗಳಲ್ಲಿ ಬರೆದಿಡುತ್ತಾರಲ್ಲ, ನಮಗೆ ಆ ವಹಿಯೂ ಇವರೇ ಆಗಿದ್ದರು. ಫೋನ್ ಮಾಡಿದರೆ ಎತ್ತಲಿಲ್ಲ.

ಚಿಕ್ಕಪ್ಪನ ಮೇಲೆ ನನಗೆ ಸಿಟ್ಟು ಬಂತು, ಈಗಲೂ ಸ್ವಲ್ಪ ಇದೆ. “ಅವಳ ಕೈತುತ್ತು ತಿಂದು ಬೆಳೆದವನು ನಾನು” ಅಂತ ಎಷ್ಟು ಸಲ ಹೇಳಿಲ್ಲ! ಕಾಳುಮೆಣಸಿನ ನಿಯಮ ಗೊತ್ತು, ರಂಗೋಲಿಯ ನಿಯಮ ಗೊತ್ತು, ಕೈತುತ್ತು ಕೊಟ್ಟವಳ ಹೆಸರು ಗೊತ್ತಿಲ್ಲ. ಅವರಿಗೆ ಅದರಿಂದ ಮುಜುಗರವೂ ಆದ ಹಾಗೆ ಕಾಣಲಿಲ್ಲ. “ನಾವು ಅಜ್ಜಿ ಅಂತಲೇ ಕರೀತಿದ್ದಿದ್ದು” ಅಂದರು.

ಹೊಸ ಶಾಸ್ತ್ರಿಗಳು ಮಾತ್ರ ಗಡಿಬಿಡಿ ಮಾಡಲಿಲ್ಲ. “ಏನೂ ಗೊತ್ತಾಗದೇ ಇದ್ರೆ ಲಕ್ಷ್ಮೀ ಅಂತ ಹೇಳಿದ್ರಾಯ್ತು. ಆದ್ರೆ ಮನೆಯಲ್ಲಿ ದೊಡ್ಡವರು ಇನ್ಯಾರಾದ್ರೂ ಇದ್ರೆ ಕೇಳಿ, ನಾನು ಕಾಯ್ತೀನಿ” ಅಂದರು. ಕಾದರು ಕೂಡ. ಮಧ್ಯಾಹ್ನ ಅವರಿಗೆ ಇನ್ನೊಂದು ಮನೆ ಇತ್ತು.

ಸಾಗರದಲ್ಲಿರುವ ಸೋದರತ್ತೆಗೆ ಫೋನ್ ಹಚ್ಚಿದೆ. “ಪುಟ್ಟಮ್ಮ ಅಂತಿದ್ರು ಕಣೆ. ಆದ್ರೆ ಅದು ತವರಿನ ಹೆಸರು ಅನ್ಸತ್ತೆ. ಮದುವೆಯಲ್ಲಿ ಬೇರೆ ಹೆಸರು ಇಟ್ಟಿದ್ರು. ಏನದು...” ಆ ಕಾಲದಲ್ಲಿ ಸೊಸೆಗೆ ಹೊಸ ಹೆಸರಿಡುವುದು ಮಾಮೂಲಿ. ಒಂದು ಶಾಸ್ತ್ರದಲ್ಲಿ ಹೆಸರು ಕಳೆಯಿತು, ಇನ್ನೊಂದು ಶಾಸ್ತ್ರ ಬಂದು ಅದನ್ನು ಕೇಳುತ್ತಿದೆ. ಶಾಸ್ತ್ರಿಗಳು ಒಪ್ಪಿದರು, ಅಣ್ಣ ಪುಟ್ಟಮ್ಮ ಅಂತಲೇ ಹೇಳಿದ. ಈ ಸಲ ಬಿಡಿಸಿ ಬಿಡಿಸಿ ಹೇಳಿದ.

ಇದೆಲ್ಲ ಸುಮ್ನೆ ಕಾಟಾಚಾರ ಅಂತ ನಾನೂ ಬೇಕಾದಷ್ಟು ಸಲ ಅಂದಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಮುತ್ತಜ್ಜಿಯ ಹೆಸರು ಕೇಳುವುದು ಆ ಕಾಟಾಚಾರ ಒಂದೇ. ಹಬ್ಬದಲ್ಲಿ ಕೇಳಲ್ಲ, ಮದುವೆ ಪತ್ರಿಕೆಯಲ್ಲಿ ಹಾಕಲ್ಲ, ಆಸ್ತಿ ಪತ್ರದಲ್ಲಂತೂ ಇಲ್ಲವೇ ಇಲ್ಲ. ವರ್ಷಕ್ಕೊಮ್ಮೆ ಒಬ್ಬರು ಬಂದು ಎಲ್ಲರ ಎದುರಿಗೆ “ಅವರು ಯಾರು?” ಅಂತ ಕೇಳುತ್ತಾರೆ. ನಾವು ಆ ಉತ್ತರವನ್ನೂ ಅವರ ಕೈಗೇ ಕೊಟ್ಟು, ಮೆಣಸು ಯಾವುದು ಅಂತ ಜಗಳ ಆಡಿದ್ದೇವೆ. ಅಮ್ಮನೂ ದಿನಾ ರಾತ್ರಿ ಫೋನ್ ಮಾಡಿ “ಊಟ ಆಯ್ತಾ?” ಅನ್ನುತ್ತಿದ್ದರು. ಆಯ್ತು ಅಂತ ನಾನು ಹೇಳುವ ಮೊದಲೇ ಮುಂದಿನ ಮಾತು ಶುರು. ಅದೂ ಶಾಸ್ತ್ರಕ್ಕೇ ಕೇಳಿದ್ದು. ಆದರೆ ಒಂದು ದಿನ ಆಯ್ತು ಅನ್ನೋದು ಅರ್ಧ ಕ್ಷಣ ತಡವಾದರೆ ಸಾಕು, “ಯಾಕೆ, ಏನಾಯ್ತು?” ಅನ್ನುತ್ತಿದ್ದರು. ಕೇಳುವ ಅಭ್ಯಾಸ ಇದ್ದದ್ದಕ್ಕೇ ತಾನೇ ಆ ತಡ ಗೊತ್ತಾಗುತ್ತಿದ್ದದ್ದು?

ಅಮ್ಮನ ತವರಿನ ಕಡೆಯ ಅಜ್ಜಿಯರ ಹೆಸರೂ ಬರೆದಿಡೋಣ ಅಂದೆ. “ಇವತ್ತಿನ ಕರ್ಮಕ್ಕೆ ಅವರು ಬರಲ್ಲ, ಪಕ್ಷಮಾಸದಲ್ಲಿ ನೋಡೋಣ” ಅಂದರು ಚಿಕ್ಕಪ್ಪ. ನಾನು ಕಾಯಲಿಲ್ಲ, ಕಸಿನ್ಸ್ ವಾಟ್ಸಾಪ್ ಗುಂಪಿನಲ್ಲಿ ಆಗಲೇ ಕೇಳಿದೆ. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಸಾಗರದ ಅತ್ತೆ ಮಾತ್ರ ಮಾರನೇ ದಿನ ತಾವೇ ಫೋನ್ ಮಾಡಿ, ಪುಟ್ಟಮ್ಮನ ಲಗ್ನಪತ್ರಿಕೆ ಹಳೇ ಟ್ರಂಕಿನಲ್ಲಿರಬಹುದು, ಹುಡುಕ್ತೀನಿ ಅಂದರು. ಟ್ರಂಕು ಅಟ್ಟದ ಮೇಲಿದೆ, ಅವರಿಗೆ ಮೊಣಕಾಲು ನೋವು. ನಾನೇ ಬರ್ತೀನಿ, ಅಲ್ಲಿವರೆಗೂ ಏಣಿ ಮುಟ್ಟಬೇಡಿ ಅಂತ ಹೇಳಿದ್ದೇನೆ.