ಬ್ರೆಸ್ಟ್‌ನ ಫಿರಂಗಿ ಕಂಬ

ಫ್ರಾನ್ಸಿನ ಬ್ರೆಸ್ಟ್ ಬಂದರಿನ ಹಳೆಯ ನೌಕಾ ಕಾರ್ಖಾನೆಯಲ್ಲಿ ಕಂಬದಂತೆ ನೆಟ್ಟಗೆ ನಿಲ್ಲಿಸಿರುವ ಫಿರಂಗಿಯೊಂದರ ಚಿತ್ರವನ್ನು ನಿನ್ನೆ ರಾತ್ರಿ ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. ಸುಮಾರು 7 ಮೀಟರ್ ಉದ್ದದ ಕಂಚಿನ ಕೊಳವೆ. ಅದರ ತುದಿಯಲ್ಲಿ ಭೂಗೋಳದ ಮೇಲೆ ಕಾಲಿಟ್ಟು ನಿಂತ ಹುಂಜ, ಫ್ರಾನ್ಸಿನ ಲಾಂಛನ.

16ನೇ ಶತಮಾನದಲ್ಲಿ ಉತ್ತರ ಆಫ್ರಿಕದ ಅಲ್ಜಿಯರ್ಸ್ ಬಂದರಿನ ಕಾವಲಿಗೆಂದು ಎರಕ ಹೊಯ್ದ ಇದನ್ನು ಅಲ್ಲಿಯವರು, ಮನೆಯ ಹಿರಿಯರನ್ನು ಕರೆಯುವಂತೆ, ‘ಬಾಬಾ ಮರ್ಝೂಗ್’ ಎನ್ನುತ್ತಿದ್ದರು. 1683ರಲ್ಲಿ ಫ್ರೆಂಚ್ ನೌಕಾಪಡೆ ಆ ನಗರದ ಮೇಲೆ ಬಾಂಬುಗಳನ್ನು ಸುರಿಸುತ್ತಿದ್ದಾಗ, ಅಲ್ಲಿ ಫ್ರಾನ್ಸಿನ ಪ್ರತಿನಿಧಿಯಾಗಿ, ಅಂದರೆ ಕಾನ್ಸುಲ್ ಆಗಿ, ಇದ್ದ ವೃದ್ಧ ಪಾದ್ರಿ ಝಾನ್ ಲ ವಾಶೆಯನ್ನು ಇದೇ ಫಿರಂಗಿಯ ಬಾಯಿಗೆ ಕಟ್ಟಿ ಉಡಾಯಿಸಿದರೆಂಬ ಕಥನದಿಂದಾಗಿ, ಫ್ರೆಂಚರ ಬಾಯಲ್ಲಿ ಇದರ ಹೆಸರು ‘ಲಾ ಕಾನ್ಸ್ಯುಲೇರ್’ ಎಂದಾಯಿತು. 1830ರಲ್ಲಿ ಅಲ್ಜಿಯರ್ಸನ್ನು ಗೆದ್ದವರು ಇದನ್ನು ಹಡಗಿಗೇರಿಸಿ ತಂದು, 1833ರ ಜುಲೈಯಲ್ಲಿ ಸ್ಮಾರಕವಾಗಿ ನಿಲ್ಲಿಸಿದರು.

ಪಾದ್ರಿಯ ಸಾವು ಘೋರವಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸತ್ತವರ ನೆನಪಿಗೆ ಆ ಹುಂಜದ ಅಗತ್ಯವೇನಿತ್ತು ಎಂದು ನನಗನ್ನಿಸಿತು. ಭೂಗೋಳವನ್ನು ಮೆಟ್ಟಿದ ಆ ಭಂಗಿಯಲ್ಲಿ ಶೋಕಕ್ಕಿಂತ ಗೆಲುವಿನ ಬಿಂಕವೇ ಹೆಚ್ಚು ಕಾಣುತ್ತದೆ.

1962ರಲ್ಲಿ ಸ್ವತಂತ್ರವಾದ ಅಲ್ಜೀರಿಯದಿಂದ ಫಿರಂಗಿಯನ್ನು ಮರಳಿಸಬೇಕೆಂಬ ಕೋರಿಕೆ ಮತ್ತೆ ಮತ್ತೆ ಕೇಳಿಬಂದಿದೆ.