ಅವನು ನಿಂತಿದ್ದೇ ಹಿಪ್ಪಲಿ ಮೇಲೆ

ಶಿರಸಿ ಮನೆಯ ಹಿತ್ತಲಿಗೆ ಸ್ವಲ್ಪ ಲಕ್ಷಣ ಬರಲಿ ಅಂತ ತಮ್ಮ ಈ ವಾರ ಗಾರ್ಡನ್ ಮಾಡುವ ಹುಡುಗನೊಬ್ಬನನ್ನು ಕಳಿಸಿದ್ದ. ಹುಡುಗ ಒಳ್ಳೆಯವನೇ. ಕೊಟ್ಟ ಮಜ್ಜಿಗೆ ಕುಡಿದು ಹಲಸಿನ ಮರದ ಬುಡಕ್ಕೆ ಹೋಗಿ, "ಅಕ್ಕ, ಈ ಕಳೆ ಎಲ್ಲಾ ಕೀಳಿಸಿಬಿಡಿ. ವೆಡೇಲಿಯಾ ಹಾಕೋಣ. ಒಂದು ಮಳೆಗಾಲ ಸಾಕು, ಕಾರ್ಪೆಟ್ ಆಗುತ್ತೆ" ಅಂದ.

ಅವನು ನಿಂತಿದ್ದೇ ಹಿಪ್ಪಲಿ ಮೇಲೆ.

ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಕೇಳಿದರು: "ಕೆಮ್ಮು ಬಂದ್ರೆ ನಿನ್ನ ಕಾರ್ಪೆಟ್ಟಿನ ಕಷಾಯ ಕುಡಿಯೋದಾ ತಮ್ಮಾ?"

ಅವನು ನಕ್ಕ. ಅತ್ತೆ ನಗಲಿಲ್ಲ. ಅವರು ತಮಾಷೆ ಮಾಡುವವರೇ ಅಲ್ಲ. ಅಡುಗೆ ಮಾಡುವಾಗೆಲ್ಲ ನನಗೆ ಆ ಪ್ರಶ್ನೆ ನೆನಪಾಗಿ ನಗು ಬರುತ್ತಿದೆ.

ಹಿಪ್ಪಲಿ ನಮ್ಮ ಘಟ್ಟದ ಕಾಡಿನದೇ ಬಳ್ಳಿ. ನೆರಳು, ತೇವ, ತರಗೆಲೆ ಇದ್ದರೆ ಸಾಕು, ವರ್ಷವಿಡೀ ಹಸಿರು. ಬಿಸಿಲಿಗೆ ಬಿಟ್ಟರೆ ಮಾತ್ರ ಎಲೆ ಬಾಡುತ್ತದೆ, ಬೇಸಿಗೆಯಲ್ಲಿ ನೀರೂ ಬೇಕು. ಗೆಣ್ಣು ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಟ್ಟು, ಮಳೆಗೆ ಮಣ್ಣು ಕೊಚ್ಚಿಹೋಗದ ಹಾಗೆ ಹಿಡಿಯುತ್ತದೆ. ಕೆಳಗಿನ ಎಲೆಗೆ ಉದ್ದ ತೊಟ್ಟು, ಮೇಲಿನದಕ್ಕೆ ತೊಟ್ಟೇ ಇಲ್ಲ, ಕಾಂಡವನ್ನೇ ತಬ್ಬಿಕೊಂಡಿರುತ್ತದೆ. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಹೆಣ್ಣು ಬಳ್ಳಿಯ ಕಾಯಿ ಎಳೇ ಹಿಪ್ಪುನೇರಳೆ ಹಣ್ಣಿನ ಹಾಗೆ ಗಂಟುಗಂಟು. ಹಣ್ಣಾಗುವ ಮೊದಲೇ ಕೊಯ್ದು ಒಣಗಿಸಬೇಕು. ಚೂರು ಕಚ್ಚಿದರೆ ಮೊದಲು ಏನೂ ಅನ್ನಿಸಲ್ಲ, ಆಮೇಲೆ ನಾಲಿಗೆ ಜುಮ್ಮೆನ್ನುತ್ತದೆ.

ವೆಡೇಲಿಯಾ ಮಧ್ಯ ಅಮೆರಿಕದ ಕಡೆಯದು. ಜಗತ್ತಿನಲ್ಲಿ ಅತಿ ಹೆಚ್ಚು ಹಾನಿ ಮಾಡುವ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಹಳದಿ ಹೂವು ಚೆನ್ನಾಗಿಯೇ ಇದೆ, ಇಲ್ಲ ಅನ್ನಲ್ಲ. ಆದರೆ ಹಾಕಿದ ಜಾಗದಲ್ಲೇ ನಿಲ್ಲುವ ಗಿಡವಲ್ಲ. ಕಾಲುವೆ ದಾಟಿ ಬೆಟ್ಟಕ್ಕೆ ಹೋದರೆ ಯಾರು ಕೀಳುತ್ತಾರೆ?

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ದುಡ್ಡು ಕೊಟ್ಟು ತಂದಿದ್ದು ಗಾರ್ಡನ್, ತಾನಾಗಿ ಹಬ್ಬಿದ್ದು ಕಳೆ ಅಂತ ನಾವೇ ಅಲ್ವಾ ಕಲಿಸಿದ್ದು? ಇದೇ ಹಿಪ್ಪಲಿಯನ್ನು ಕುಂಡದಲ್ಲಿಟ್ಟು ಚೀಟಿ ಅಂಟಿಸಿದ್ದರೆ ತಮ್ಮನೇ ಬೆಂಗಳೂರಿಗೆ ಒಯ್ಯುತ್ತಿದ್ದ.

ತಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಹಾಗಾದ್ರೆ ಸುತ್ತ ಕಲ್ಲಾದ್ರೂ ಇಡಿಸು, ಬೇಕಂತಲೇ ಬೆಳೆಸಿದ್ದು ಅಂತ ಗೊತ್ತಾಗಲಿ" ಅಂದ. ಈ ಮಾತು ಮಾತ್ರ ಸರಿ ಅನ್ನಿಸಿತು. ಹಳೇ ಕೊಟ್ಟಿಗೆಯ ಕಲ್ಲು ಸುಮ್ನೆ ಬಿದ್ದಿವೆ. ಅತ್ತೆಯನ್ನು ಒಪ್ಪಿಸಬೇಕು, ಅಷ್ಟೇ.