ಹಣೆ ಮೇಲಿನ ಕನ್ನಡಕ

12 ಮಾರ್ಚ್ 2024, ಮಂಗಳವಾರ
ತುಮಕೂರು

ಇವತ್ತು ಅರ್ಧ ದಿನ ಕಣ್ಣಾಸ್ಪತ್ರೆಯಲ್ಲೇ ಹೋಯಿತು. ನಮ್ಮ ವೆಲ್ಡಿಂಗ್ ಶೆಡ್ಡಿನ ಶಿರಾ ಹುಡುಗನಿಗೆ ನಿನ್ನೆ ಸಂಜೆ ಗೇಟಿನ ಬೆಸುಗೆ ಗ್ರೈಂಡ್ ಮಾಡುವಾಗ ಕಣ್ಣಿಗೆ ಏನೋ ಹೊಡೆಯಿತಂತೆ. ಯಾರಿಗೂ ಹೇಳದೆ ಕರ್ಚೀಫಿನ ತುದಿಯಲ್ಲಿ ಉಜ್ಜಿಕೊಂಡು ಮನೆಗೆ ಹೋಗಿದ್ದಾನೆ. ರಾತ್ರಿ ಅವರಮ್ಮ ಹರಳೆಣ್ಣೆ ಬಿಟ್ಟಿದ್ದಾರೆ. ಬೆಳಗ್ಗೆ ಅಂತರಸನಹಳ್ಳಿಯ ಶೆಡ್ಡಿಗೆ ಬಂದಾಗ ಕಣ್ಣು ಕೆಂಪಗೆ ಊದಿ, ಬೆಳಕಿನ ಕಡೆ ಮುಖ ಎತ್ತಲಾಗುತ್ತಿರಲಿಲ್ಲ.

ಡಾಕ್ಟರು ಮೊದಲು ಕೇಳಿದ್ದು, "ಗ್ರೈಂಡಿಂಗಾ, ಸುತ್ತಿಗೆ ಏಟಾ?" ಸುತ್ತಿಗೆಯಿಂದ ಸಿಡಿದ ಚೂರಾದರೆ ಗುಡ್ಡೆಯೊಳಕ್ಕೇ ಹೊಕ್ಕಿರಬಹುದು, ಎಷ್ಟೋ ಸಲ ನೋವೂ ಗೊತ್ತಾಗುವುದಿಲ್ಲವಂತೆ. ಪುಣ್ಯಕ್ಕೆ ಇದು ಮೇಲೇ ಇತ್ತು. ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಯಂತ್ರದ ಮೇಲೆ ಗದ್ದ ಊರಿಸಿ ನೋಡಿ, ನನಗೂ ಪರದೆಯಲ್ಲಿ ತೋರಿಸಿದರು. ಸಾಸಿವೆಯ ಕಾಲು ಭಾಗದಷ್ಟು ಚೂರು, ಸುತ್ತ ಕಂದು ಉಂಗುರ. ತುಕ್ಕು! ಕಣ್ಣೀರಲ್ಲಿ ಕಬ್ಬಿಣ ಒಂದೇ ರಾತ್ರಿಗೆ ತುಕ್ಕು ಬಿಟ್ಟಿತ್ತು. ಸೂಜಿಯ ಮೊನೆಯಲ್ಲಿ ಚೂರನ್ನು ಎಬ್ಬಿಸಿ ತೆಗೆದರು.

ನೋವು ಹೋಗಿದ್ದೇ ತಡ, ಆ ಡ್ರಾಪ್ಸನ್ನೇ ಬರಕೊಡಿ ಅಂದ ನಮ್ಮವನು. ಸರಿಯಾಗಿ ಗದರಿಸಿಕೊಂಡ. ಅದನ್ನು ಮನೆಯಲ್ಲಿ ಪದೇ ಪದೇ ಹಾಕಿದರೆ ಗಾಯ ಮಾಯುವುದಿಲ್ಲ, ಕಣ್ಣಿಗೇ ಸಂಚಕಾರ. ವೆಲ್ಡಿಂಗ್ ಬೆಳಕು ಹೊಡೆದು ಮಧ್ಯರಾತ್ರಿ ಉರಿ ಶುರುವಾದಾಗಲೂ ಅಷ್ಟೇ.

ಕನ್ನಡಕ ಇರಲಿಲ್ಲವೇ? ಇತ್ತು, ಹಣೆ ಮೇಲೆ. "ಹಾಕ್ಕಂಡ್ರೆ ಗೆರೆನೇ ಕಾಣಲ್ವಲ್ಲಣ್ಣ." ಬೈಯುವ ಮುಂಚೆ ನಾನೇ ಹಾಕಿ ನೋಡಿದೆ. ಮೈತುಂಬ ಗೀರು, ಮಾಸ್ಕ್ ಕಟ್ಟಿ ಎರಡು ಸಲ ಉಸಿರು ಬಿಟ್ಟರೆ ಪೂರಾ ಮಬ್ಬು. ಹಣೆಗೇರಿಸಿದರೆ ಒಳಗೆ ಕೂತ ದೂಳು ಇಳಿಸುವಾಗ ಕಣ್ಣಿಗೇ ಉದುರುತ್ತದೆ. ಹುಡುಗರಿಗೆ ಉಡಾಫೆ ಅನ್ನುವ ಮಾಲೀಕರು ಈ ಬಿಸಿಲಲ್ಲಿ ಒಂದು ಗಂಟೆ ಇದನ್ನು ಹಾಕಿಕೊಂಡು ಕಟಿಂಗ್ ಮಾಡಲಿ.

1948ರ ಕಾರ್ಖಾನೆ ಕಾಯ್ದೆಯ 35ನೇ ಸೆಕ್ಷನ್ ಇರುವುದೇ ಕಣ್ಣಿನ ರಕ್ಷಣೆಗೆ. ನಾಲ್ಕು ಜನರ ನಮ್ಮ ಶೆಡ್ಡು ಆ ಲೆಕ್ಕದಲ್ಲಿ ಕಾರ್ಖಾನೆಯೇ ಅಲ್ಲ, ಹಾಗಾಗಿ ಕೇಳುವವರೂ ಇಲ್ಲ.

ಬರುವಾಗ ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ, ಪಕ್ಕವೂ ಮುಚ್ಚುವ, ಮಬ್ಬು ಕಟ್ಟದ ಕನ್ನಡಕ ಕೇಳಿದೆ. ಅವನು ಬೈಕಿನವರು ಹಾಕುವ ಕಪ್ಪು ಕನ್ನಡಕ ತೆಗೆದಿಟ್ಟ. ಕಣ್ಣಿನ ರಕ್ಷಣೆಯ ಕನ್ನಡಕಕ್ಕಿರುವ ಭಾರತೀಯ ಮಾನಕದ ನಂಬರು, ಐಎಸ್ 5983 ಅಂತ ಬರೆದುಕೊಟ್ಟು, ತರಿಸು ಅಂದೆ. ಮಾಲೀಕರಿಗೆ ಫೋನ್ ಮಾಡಿದರೆ ಮೊದಲು ಕೇಳಿದ್ದು ರೇಟು. ಆಸ್ಪತ್ರೆ ಬಿಲ್ಲನ್ನೇ ಓದಿ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು, "ನಾಲ್ಕು ತಗೊಂಬಾ" ಅಂದರು. ಐದು ಹೇಳಿದ್ದೇನೆ; ಅವರೂ ಒಳಗೆ ಬಂದು ನಿಲ್ಲುತ್ತಾರಲ್ಲ.